ಲೈವ್ ಚಾಟ್‌ಗೆ ಬಾಟ್: ಯಾವ ಕೆಲಸ ಅದಕ್ಕೆ, ಯಾವುದು ಮನುಷ್ಯರಿಗೆ (ಅಧ್ಯಯನ ಟಿಪ್ಪಣಿ)

ನೇರ ಪ್ರಸಾರದ (ಸ್ಟ್ರೀಮ್) ಜೊತೆ ನಡೆಯುವ ಲೈವ್ ಚಾಟ್‌ನ ಬಾಟ್ ಎಂದರೆ ಚಾಟ್‌ಗೆ ಲಾಗಿನ್ ಆಗಿರುವ ಇನ್ನೊಂದು ಖಾತೆ. ಅದನ್ನು ನಡೆಸುವುದು ಒಂದು ಪ್ರೋಗ್ರಾಂ. ಬಂದ ಪ್ರತಿ ಸಂದೇಶವನ್ನೂ ಓದುತ್ತದೆ, ನಾವು ಕೊಟ್ಟ ನಿಯಮಗಳ ಜೊತೆ ಹೋಲಿಸುತ್ತದೆ, ಆಮೇಲೆ ಉತ್ತರ ಹಾಕುತ್ತದೆ ಅಥವಾ ಸಂದೇಶ ಅಳಿಸುತ್ತದೆ. ಮಾಡರೇಟರ್ (ಚಾಟ್ ಕಾಯುವವರ) ಹಕ್ಕು ಕೊಡದಿದ್ದರೆ ಓದಬಲ್ಲದು, ಬರೆಯಬಲ್ಲದು, ಅಳಿಸಲಾರದು. ಫಿಲ್ಟರ್ ಆನ್ ಮಾಡಿದರೂ ಏನೂ ಆಗುತ್ತಿಲ್ಲ ಎನಿಸಿದಾಗ ಮೊದಲು ನೋಡಬೇಕಾದ್ದು ಈ ಹಕ್ಕನ್ನೇ.

ನೇರ ಪ್ರಸಾರದ ವೇದಿಕೆಯಾದ ಟ್ವಿಚ್‌ನ ಚಾಟ್ ಬಹಳ ಹಳೆಯ ಅಡಿಪಾಯದ ಮೇಲೆ ನಿಂತಿದೆ. 1988ರಲ್ಲಿ ಫಿನ್ಲೆಂಡ್‌ನಲ್ಲಿ ಹುಟ್ಟಿದ ಐಆರ್‌ಸಿ ಎಂಬ ಚಾಟ್ ಪದ್ಧತಿಯಲ್ಲೇ ಇಂದಿಗೂ ಬಾಟ್ ಅದಕ್ಕೆ ಸೇರಿಕೊಳ್ಳಬಹುದು. ಸರ್ವರ್ ಆಗಾಗ 'ಪಿಂಗ್' ಕಳಿಸುತ್ತದೆ, ಬಾಟ್ 'ಪಾಂಗ್' ಎಂದು ಮರಳಿಸಬೇಕು, ಇಲ್ಲದಿದ್ದರೆ ಸಂಪರ್ಕ ಕಡಿದುಹೋಗುತ್ತದೆ. ಸ್ವಂತ ಬಾಟ್ ಬರೆಯುವವರು ಈ ಒಂದು ಸಾಲನ್ನು ಬಿಟ್ಟರೆ ಬಾಟ್ ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಸದ್ದಿಲ್ಲದೆ ಕಾಣೆಯಾಗುತ್ತದೆ. ಯೂಟ್ಯೂಬ್‌ನ ದಾರಿ ಬೇರೆ. ಅಲ್ಲಿ ಬಾಟ್ ಸಾಮಾನ್ಯವಾಗಿ ಎಪಿಐ (ಪ್ರೋಗ್ರಾಂಗಳು ವೇದಿಕೆಯೊಡನೆ ಮಾತಾಡುವ ದಾರಿ) ಮೂಲಕ ಹೊಸ ಸಂದೇಶ ಬಂದಿದೆಯೇ ಎಂದು ಮತ್ತೆ ಮತ್ತೆ ಕೇಳುತ್ತದೆ, ಪ್ರತಿ ಕೇಳಿಕೆಯೂ ದಿನದ ಕೋಟಾದಿಂದ ಕಳೆಯುತ್ತದೆ. ಹೊಸ ಪ್ರಾಜೆಕ್ಟ್‌ಗೆ ಸಿಗುವ ಕೋಟಾ ದಿನಕ್ಕೆ 10,000 ಯೂನಿಟ್. ಅವಸರದಲ್ಲಿ ಕ್ಷಣಕ್ಷಣಕ್ಕೂ ಕೇಳುವ ಬಾಟ್ ಸ್ಟ್ರೀಮ್ ಮುಗಿಯುವ ಮೊದಲೇ ಅದನ್ನು ಮುಗಿಸಿಬಿಡುತ್ತದೆ. ಎಷ್ಟು ಹೊತ್ತು ಕಾದು ಕೇಳಬೇಕು ಎಂಬುದನ್ನು ಎಪಿಐ ಪ್ರತಿ ಉತ್ತರದ ಜೊತೆಗೇ ತಿಳಿಸುತ್ತದೆ. ಅದನ್ನು ಪಾಲಿಸಿದರೆ ಕೋಟಾ ಹೆಚ್ಚು ಹೊತ್ತು ಬಾಳುತ್ತದೆ.

ಕೋಡ್ ಬರೆಯುವ ಇಷ್ಟವಿಲ್ಲದವರಿಗೆ ನೈಟ್‌ಬಾಟ್, ಸ್ಟ್ರೀಮ್‌ಎಲಿಮೆಂಟ್ಸ್, ಮೂಬಾಟ್ ಇವೆ. ಇವು ಕ್ಲೌಡ್‌ನಲ್ಲೇ ನಡೆಯುತ್ತವೆ, ನಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ಚಾಟ್‌ನಲ್ಲಿ ಇರುತ್ತವೆ. ಸ್ಟ್ರೀಮರ್.ಬಾಟ್‌ನಂಥವು ನಮ್ಮ ಯಂತ್ರದಲ್ಲೇ ನಡೆಯುತ್ತವೆ, ಆದ್ದರಿಂದ ತೆರೆಯ ದೃಶ್ಯ ಬದಲಿಸುವಂಥ ಕೆಲಸವನ್ನೂ ಮಾಡಬಲ್ಲವು. ಕಲಿಯುವ ಹಂತದಲ್ಲಿ ಮೊದಲ ಬಗೆಯೇ ಸಾಕು.

ಕಮಾಂಡ್ ಮತ್ತು ಟೈಮರ್

ಇದು ಸುಲಭದ ಭಾಗ. ನೋಡುಗರು '!ನಿಯಮ' ಎಂದು ಹಾಕಿದರೆ ಬಾಟ್ ಚಾನೆಲ್‌ನ ನಿಯಮ ಹೇಳುತ್ತದೆ. ಪ್ರತಿ ಕಮಾಂಡ್‌ಗೂ ಯಾರು ಬಳಸಬಹುದು, ಒಮ್ಮೆ ಬಳಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಮತ್ತೆ ಬಳಸಬಹುದು ಎಂಬುದನ್ನು ಗೊತ್ತುಮಾಡಿ. ಈ ವಿರಾಮ ಇಲ್ಲದಿದ್ದರೆ ಒಬ್ಬನೇ ನೋಡುಗ ಬಾಟ್‌ನ ಕೈಯಿಂದಲೇ ಚಾಟ್ ತುಂಬಿಸಿಬಿಡಬಹುದು. ಉತ್ತರವನ್ನು ಚಿಕ್ಕದಾಗಿ ಬರೆಯಿರಿ: ಟ್ವಿಚ್ ಸಂದೇಶದ ಮಿತಿ 500 ಅಕ್ಷರ, ಯೂಟ್ಯೂಬ್‌ನದು 200. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಸಂಕೇತಗಳಾಗಿ ಉಳಿಯುವುದರಿಂದ ನಮ್ಮ ಕಣ್ಣಿಗೆ ಚಿಕ್ಕದಾಗಿ ಕಂಡದ್ದೂ ಲೆಕ್ಕದಲ್ಲಿ ಉದ್ದವಾಗಿರಬಹುದು.

ಟೈಮರ್ ಎಂದರೆ ಇಷ್ಟು ನಿಮಿಷಕ್ಕೊಮ್ಮೆ ತಾನಾಗಿ ಬರುವ ಸಂದೇಶ. ಸಮಯದ ಜೊತೆಗೆ 'ನಡುವೆ ಕನಿಷ್ಠ ಇಷ್ಟು ಸಂದೇಶ ಬಂದಿರಬೇಕು' ಎಂಬ ಷರತ್ತನ್ನೂ ಹಾಕಿ. ಯಾರೂ ಮಾತಾಡದ ಚಾಟ್‌ನಲ್ಲಿ ಬಾಟ್ ಒಂದೇ ಮಾತಾಡುತ್ತಿದ್ದರೆ ಹೊಸದಾಗಿ ಬಂದವರು ಹಾಗೇ ಹೊರಟುಹೋಗುತ್ತಾರೆ.

ಫಿಲ್ಟರ್: ಮೊದಲೋ, ಆಮೇಲೋ

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಇರಲಿ. ವೇದಿಕೆಯ ಸ್ವಂತ ಫಿಲ್ಟರ್, ಉದಾಹರಣೆಗೆ ಟ್ವಿಚ್ 2016ರಲ್ಲಿ ತಂದ ಆಟೋಮಾಡ್, ಅನುಮಾನದ ಸಂದೇಶವನ್ನು ಚಾಟ್‌ನಲ್ಲಿ ಕಾಣಿಸುವ ಮೊದಲೇ ತಡೆದು ಮಾಡರೇಟರ್ ಮುಂದಿಡುತ್ತದೆ. ಹೊರಗಿನ ಬಾಟ್ ಓದುವುದು ಸಂದೇಶ ಪ್ರಕಟವಾದ ಮೇಲೆ. ಅದು ಎಷ್ಟೇ ಚುರುಕಾಗಿ ಅಳಿಸಿದರೂ ಅಷ್ಟರಲ್ಲಿ ಕೆಲವರು ಓದಿರುತ್ತಾರೆ. ಹಾಗಾಗಿ ಒಬ್ಬರ ಕಣ್ಣಿಗೂ ಬೀಳಬಾರದಂಥ ಪದಗಳನ್ನು ವೇದಿಕೆಯ ಪಟ್ಟಿಗೆ ಹಾಕಿ. ಲಿಂಕ್, ಒಂದೇ ಮಾತಿನ ಪುನರಾವರ್ತನೆ, ಎಮೋಜಿಗಳ ರಾಶಿ ಇವುಗಳನ್ನು ಬಾಟ್‌ಗೆ ಬಿಡಿ.

ಶಿಕ್ಷೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಬೇಕು. ಮೊದಲ ಸಲ ಸಂದೇಶ ಅಳಿಸಿ ಕಾರಣ ಹೇಳುವುದು, ಮುಂದಿನ ಸಲ ಕೆಲವು ನಿಮಿಷದ ಟೈಮ್‌ಔಟ್, ಅಂದರೆ ಅಷ್ಟು ಹೊತ್ತು ಚಾಟ್‌ನಲ್ಲಿ ಬರೆಯದಂತೆ ತಡೆಯುವುದು. ಶಾಶ್ವತ ಬ್ಯಾನ್ ಮಾಡುವ ಹಕ್ಕನ್ನು ಪದದ ಫಿಲ್ಟರ್‌ಗೆ ಕೊಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಟ್‌ಗೆ ಅಕ್ಷರ ಗೊತ್ತು, ಸಂದರ್ಭ ಗೊತ್ತಿಲ್ಲ. ಬೈದವನನ್ನೂ, 'ಅವನು ಹೀಗೆ ಬೈದ, ನೋಡಿ' ಎಂದು ದೂರು ಕೊಟ್ಟವನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 1996ರಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಸಂಸ್ಥೆಯ ಫಿಲ್ಟರ್ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ. ಊರಿನ ಹೆಸರಿನ ಒಳಗೆ ಒಂದು ಬೈಗುಳ ಅಡಗಿತ್ತು, ಅಷ್ಟೇ ಕಾರಣ.

ಕನ್ನಡ ಚಾಟ್‌ನಲ್ಲಿ ಫಿಲ್ಟರ್ ಎಲ್ಲಿ ಎಡವುತ್ತದೆ

ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಸಿದ್ಧ ಪಾಠಗಳು ಬಹುಮಟ್ಟಿಗೆ ಇಂಗ್ಲಿಷ್ ಚಾಟನ್ನೇ ಲೆಕ್ಕಕ್ಕಿಟ್ಟುಕೊಂಡಿರುತ್ತವೆ.

ದೊಡ್ಡಕ್ಷರ ತಡೆಯುವ ಫಿಲ್ಟರ್ ಕನ್ನಡ ಲಿಪಿಗೆ ಕೆಲಸಕ್ಕೆ ಬಾರದು, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವೇ ಇಲ್ಲ. ಅದಕ್ಕಿಂತ ತೊಡಕಿನದು ಪದದ ಗಡಿ. ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಪದದ ಮಾದರಿ ಹುಡುಕುವ ಸೂತ್ರ) 'ಇದು ಇಡೀ ಪದವಾಗಿ ಬಂದರೆ ಮಾತ್ರ ಹಿಡಿ' ಎನ್ನಲು ಗಡಿ ಗುರುತು ಹಾಕುತ್ತೇವಲ್ಲ, ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಎರಡು ಬದಿಗೂ ಗಡಿ ಹಾಕಿದ ಕನ್ನಡ ಪದ, ಆಚೀಚೆ ಖಾಲಿ ಜಾಗ ಇದ್ದಾಗ, ಸಿಗುವುದೇ ಇಲ್ಲ. ಇನ್ನೊಂದು ಭಾಷೆಯಾದ ಪೈಥಾನ್‌ನ ಸಾಮಾನ್ಯ ರೆಜೆಕ್ಸ್ ಕನ್ನಡ ವ್ಯಂಜನಗಳನ್ನು ಒಪ್ಪುತ್ತದೆ, ಆದರೆ ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ. ಹಾಗಾಗಿ 'ಕೊಡು' ಎಂಬುದಕ್ಕೆ ಗಡಿ ಹಾಕಿ ಹುಡುಕಿದರೆ ಕೊನೆಯ ಉಕಾರದ ಬಳಿ ತಪ್ಪಿಹೋಗುತ್ತದೆ, 'ಕೊಡ' ಎಂದು ಹುಡುಕಿದರೆ 'ಕೊಡು' ಒಳಗೂ ಸಿಗುತ್ತದೆ. ಗಡಿ ಗುರುತನ್ನು ಬಿಟ್ಟು, ಸಂದೇಶವನ್ನು ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳಲ್ಲಿ ತುಂಡರಿಸಿ ಪದಪದವಾಗಿ ಹೋಲಿಸುವುದು ಒಳ್ಳೆಯದು.

ಆದರೆ ಹಾಗೆ ಹೋಲಿಸಿದರೆ ವಿಭಕ್ತಿ ಎದುರಾಗುತ್ತದೆ. 'ಕಳ್ಳ' ಎಂದು ಪಟ್ಟಿಗೆ ಹಾಕಿದರೆ ಕಳ್ಳನ, ಕಳ್ಳರು, ಕಳ್ಳನಿಗೆ ಎಲ್ಲವೂ ನುಸುಳುತ್ತವೆ. ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದರೆ ಗಿಡಗಳ ಬಗ್ಗೆ ಮಾತಾಡುವವರ 'ಕಳ್ಳಿ'ಯೂ ಸಿಕ್ಕಿಬೀಳುತ್ತದೆ. ಅತಿ ಕೆಟ್ಟ ಕೆಲವೇ ಪದಗಳಿಗೆ ಅವುಗಳ ರೂಪಗಳನ್ನೆಲ್ಲ ಕೈಯಾರೆ ಬರೆದಿಡುವುದೇ ಸರಿ ಎಂದು ನನಗೆ ತೋರುತ್ತದೆ. ಪಟ್ಟಿ ಉದ್ದವಾದಷ್ಟೂ ಅಮಾಯಕರು ಸಿಗುತ್ತಾರೆ.

ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನ ಒಂದು ಗುಟ್ಟೂ ಇದೆ. 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆ ಎರಡನ್ನು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬಾಟ್‌ಗೆ ಬೇರೆ ಬೇರೆ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ ತುರುಕಿದರೂ ಹೋಲಿಕೆ ತಪ್ಪುತ್ತದೆ. ಆದ್ದರಿಂದ ಹೋಲಿಸುವ ಮೊದಲು ಸಂದೇಶವನ್ನು ಯೂನಿಕೋಡ್‌ನ ಏಕರೂಪಕ್ಕೆ ತಂದು ಅದೃಶ್ಯ ಚಿಹ್ನೆಗಳನ್ನು ತೆಗೆದುಹಾಕಿ. ಈ ಶುದ್ಧೀಕರಣ ಹೋಲಿಕೆಯ ಪ್ರತಿಗೆ ಮಾತ್ರ, ಕನ್ನಡದಲ್ಲಿ ಆ ಚಿಹ್ನೆಗಳಿಗೆ ನ್ಯಾಯವಾದ ಬಳಕೆಯೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಂತೂ ಒಂದೇ ಪದವನ್ನು ಹಲವು ಕಾಗುಣಿತದಲ್ಲಿ ತರುತ್ತದೆ. ಅದಕ್ಕೆ ಪಟ್ಟಿ ಸಾಲದು, ಕನ್ನಡ ಬಲ್ಲ ಮಾಡರೇಟರ್ ಬೇಕು.

ದಾಳಿ ಬಂದಾಗ

ಟ್ವಿಚ್‌ನಲ್ಲಿ 'ರೇಡ್' ಎಂದರೆ ಸ್ಟ್ರೀಮ್ ಮುಗಿಸುವವರು ತಮ್ಮ ನೋಡುಗರನ್ನು ಇನ್ನೊಂದು ಚಾನೆಲ್‌ಗೆ ಕಳಿಸುವ ಸ್ನೇಹದ ಪದ್ಧತಿ. 2021ರಲ್ಲಿ ಕೆಲವರು ಬಾಟ್ ಖಾತೆಗಳ ದಂಡನ್ನೇ ಕಟ್ಟಿಕೊಂಡು ಅಲ್ಪಸಂಖ್ಯಾತ ಸಮುದಾಯಗಳ ಸ್ಟ್ರೀಮರ್‌ಗಳ ಚಾಟ್‌ಗೆ ದ್ವೇಷದ ಮಾತು ಸುರಿಸಿದರು. ಸೆಪ್ಟೆಂಬರ್ 1ರಂದು ಅನೇಕರು ಒಂದು ದಿನ ಸ್ಟ್ರೀಮ್ ನಿಲ್ಲಿಸಿ ಪ್ರತಿಭಟಿಸಿದರು. ಆ ತಿಂಗಳ ಕೊನೆಗೆ ಟ್ವಿಚ್ ಫೋನ್ ದೃಢೀಕರಣದ ಷರತ್ತು ತಂದಿತು, 2022ರ ನವೆಂಬರ್‌ನಲ್ಲಿ ಶೀಲ್ಡ್ ಮೋಡ್ ತಂದಿತು. ಈ ಮೋಡ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮೊದಲೇ ಗೊತ್ತುಮಾಡಿಟ್ಟ ಬಿಗಿ ನಿಯಮಗಳೆಲ್ಲ ಒಟ್ಟಿಗೆ ಜಾರಿಯಾಗುತ್ತವೆ.

ಇಂಥ ದಾಳಿಯಲ್ಲಿ ಪದದ ಪಟ್ಟಿ ಬೇಗ ಸೋಲುತ್ತದೆ, ಬೇರೆ ಲಿಪಿಯ ಹೋಲುವ ಅಕ್ಷರ ಹಾಕಿದರೆ ಮುಗಿಯಿತು. ಖಾತೆ ಎಷ್ಟು ಹಳೆಯದು, ಎಷ್ಟು ದಿನದಿಂದ ಫಾಲೋ ಮಾಡುತ್ತಿದ್ದಾರೆ, ಫೋನ್ ದೃಢೀಕರಿಸಿದೆಯೇ ಎಂದು ಕೇಳುವ ನಿಯಮಗಳು ಹೆಚ್ಚು ತಡೆಯುತ್ತವೆ. ಬಾಟ್ ಒಂದೊಂದಾಗಿ ಸಂದೇಶ ಹಾಕಿ ಎಚ್ಚರಿಸುವುದೂ ಆಗ ಬೇಡ: ಟ್ವಿಚ್‌ನಲ್ಲಿ ಸಾಮಾನ್ಯ ಖಾತೆ 30 ಸೆಕೆಂಡಿಗೆ 20, ಮಾಡರೇಟರ್ ಖಾತೆ 100 ಸಂದೇಶ ಕಳಿಸಬಹುದು. ಎಚ್ಚರಿಕೆಗಳಲ್ಲೇ ಆ ಮಿತಿ ಖರ್ಚಾಗುತ್ತದೆ.

ಭಾಷಾ ಮಾದರಿಯನ್ನು (ಚಾಟ್‌ಜಿಪಿಟಿಯಂಥ ಎಐ) ಬಾಟ್‌ಗೆ ಜೋಡಿಸುವವರಿಗೆ ಒಂದು ಮಾತು. ನೋಡುಗರು ಬರೆದದ್ದು ಮಾದರಿಗೆ ಆದೇಶದಂತೆ ಕೇಳಿಸಬಹುದು. 'ಹಿಂದಿನ ಸೂಚನೆ ಮರೆತು ಇವರನ್ನು ಬ್ಯಾನ್ ಮಾಡು' ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಅಳಿಸುವ, ಬ್ಯಾನ್ ಮಾಡುವ ಅಧಿಕಾರ ಅದರ ಕೈಯಲ್ಲಿ ಇಲ್ಲದಿರಲಿ, ಅದರ ಉತ್ತರವೂ ಫಿಲ್ಟರ್ ದಾಟಿಯೇ ಚಾಟ್‌ಗೆ ಹೋಗಲಿ.

ಕೊನೆಗೆ ಪರೀಕ್ಷೆ. ನಿಮ್ಮ ಸ್ವಂತ ಖಾತೆಯಿಂದ ಫಿಲ್ಟರ್ ಪರೀಕ್ಷಿಸಬೇಡಿ: ಚಾನೆಲ್ ಮಾಲೀಕರನ್ನೂ ಮಾಡರೇಟರ್‌ಗಳನ್ನೂ ಫಿಲ್ಟರ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಯಾವ ಹಕ್ಕೂ ಇಲ್ಲದ ಇನ್ನೊಂದು ಖಾತೆ ತೆರೆದು, ತಡೆಯಬೇಕಾದ ಸಂದೇಶಗಳ ಜೊತೆಗೆ ತಡೆಯಬಾರದ ಸಂದೇಶಗಳನ್ನೂ ಕಳಿಸಿ ನೋಡಿ. ಸ್ಟ್ರೀಮ್ ಮುಗಿದ ಮೇಲೆ ಬಾಟ್‌ನ ಲಾಗ್ (ಅದು ಮಾಡಿದ್ದರ ದಾಖಲೆ) ತೆಗೆದು, ಅಳಿಸಿದ ಪ್ರತಿ ಸಂದೇಶವನ್ನೂ ಓದಿ. ತಪ್ಪಾಗಿ ಟೈಮ್‌ಔಟ್ ಆದವರು ಕಂಡರೆ ಅವತ್ತೇ ತೆರವು ಮಾಡಿ, ಮುಂದಿನ ಸ್ಟ್ರೀಮ್‌ನಲ್ಲಿ ಹೆಸರು ಹಿಡಿದು ಕ್ಷಮೆ ಕೇಳಿ, ಆ ನಿಯಮವನ್ನು ತಿದ್ದಿ.