ಖಾಲಿ ಉಳಿದ ಫಾರಂ

ನಮ್ಮ ದೊಡ್ಡಮ್ಮಂಗೆ ಕೀಮೋ ನಡೀತಿದ್ದಾಗ ಮಂಡ್ಯದಿಂದ ಮೈಸೂರಿಗೆ ನಾನೇ ಕರ್ಕೊಂಡು ಹೋಗ್ತಿದ್ದೆ, ಅವರು ಔಷಧಿ ಪರೀಕ್ಷಿಸೋ ಒಂದು ಟ್ರಯಲ್‌ಗೆ ಸೇರಿದ್ರು, ಹೋದಾಗೆಲ್ಲ 30 ಪ್ರಶ್ನೆಯ ಒಂದು ಫಾರಂ ತುಂಬಿಸ್ಬೇಕಿತ್ತು. ಕ್ಯೂಎಲ್‌ಕ್ಯೂ-ಸಿ30 ಅಂತಾರೆ ಅದಕ್ಕೆ, ಕ್ಯಾನ್ಸರ್ ರೋಗಿಗಳ ದಿನನಿತ್ಯದ ಬದುಕು ಹೇಗಿದೆ ಅಂತ ಅಳೆಯೋಕೆ 1993ರಲ್ಲಿ ಬಂದಿದ್ದು. ತುಂಬ ದೂರ ನಡೆಯೋಕೆ ಕಷ್ಟ ಆಗುತ್ತಾ ಅಂತ ನರ್ಸ್ ಕೇಳಿದ್ರೆ ದೊಡ್ಡಮ್ಮ "ಗದ್ದೆ ತಂಕ ಹೋಗೋಷ್ಟ್ರಲ್ಲಿ ಏದುಸ್ರು ಬತ್ತದೆ ಕಣವ್ವ" ಅನ್ನೋರು, ನರ್ಸ್ 1ರಿಂದ 4ರಲ್ಲಿ (4 ಅಂದ್ರೆ ತುಂಬಾನೇ ಕಷ್ಟ) 3ಕ್ಕೆ ಸುತ್ತು ಹಾಕೋರು. ಕೀಮೋದ ಮೂರನೇ ಸೈಕಲ್ ಆದ್ಮೇಲೆ ಒಂದಿನ ವಾಂತಿ ಮಾಡಿ ಮಾಡಿ ಬೆಂಚ್ ಮೇಲೇ ಮಲಗಿಬಿಟ್ರು, ಅವತ್ತಿನ ಫಾರಂ ಖಾಲಿ.

ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೋನು, ಆ ಖಾಲಿ ಹಾಳೆ ಇವತ್ತಿಗೂ ಕಣ್ಮುಂದೆ ಇದೆ.

ಯಾಕಂದ್ರೆ ಲೆಕ್ಕ ನೋಡಿ. ಹತ್ತು ಜನ ಇದ್ದಾರೆ ಅಂದ್ಕೊಳ್ಳಿ, ಆರು ಜನರ ಸ್ಕೋರ್ 100ಕ್ಕೆ 70 (ಜಾಸ್ತಿ ಇದ್ದಷ್ಟೂ ಆರಾಮಿದ್ದಾರೆ ಅಂತ), ನಾಲ್ಕು ಜನ ತೀರಾ ಸುಸ್ತಾಗಿ 30ಕ್ಕೆ ಇಳಿದಿದ್ದಾರೆ, ನಿಜವಾದ ಸರಾಸರಿ 54. ಆದ್ರೆ ಆ ನಾಲ್ಕು ಜನ ಫಾರಂ ತುಂಬೋ ಸ್ಥಿತೀಲೇ ಇಲ್ಲ, ಬಂದಿರೋ ಫಾರಂ ಮಾತ್ರ ಕೂಡಿದ್ರೆ ಸರಾಸರಿ 70 ಬರುತ್ತೆ, ಅಂದ್ರೆ ಯಾವ ಔಷಧಿ ಜನರನ್ನ ಜಾಸ್ತಿ ಮಲಗಿಸುತ್ತೋ ಅದೇ ಒಳ್ಳೇದು ಅಂತ ಕಾಣೋ ಅಪಾಯ ಇದೆ! ಹೋದ ಸಲದ ಸ್ಕೋರನ್ನೇ ಈ ಸಲಕ್ಕೂ ಹಾಕ್ಬಿಟ್ರೆ? ಅದೂ ತಪ್ಪು, ಹೋದ ಸಲ ದೊಡ್ಡಮ್ಮ ನಡ್ಕೊಂಡೇ ಬಂದಿದ್ರು. ಮಧ್ಯದಲ್ಲಿ ತೀರಿಕೊಂಡವರ ವಿಷ್ಯ ಇನ್ನೂ ಕಷ್ಟ, ಅವರಿಗೆ ಸೊನ್ನೆ ಹಾಕ್ಬೇಕಾ, ಇಲ್ಲ ಬದುಕಿದ್ದಷ್ಟು ದಿನ ಹೇಗಿದ್ರು ಅಂತ ಮಾತ್ರ ಕೇಳ್ಬೇಕಾ, ಇವೆರಡೂ ಬೇರೆ ಬೇರೆ ಪ್ರಶ್ನೆ, ಯಾವುದಕ್ಕೆ ಉತ್ತರ ಹುಡುಕ್ತಿದೀವಿ ಅಂತ ಮೊದ್ಲೇ ಬರೆದಿಡ್ಬೇಕು, ಔಷಧಿ ಪರೀಕ್ಷೆಗೆ ಮಾರ್ಗಸೂಚಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ 2019ರ ಗೈಡ್‌ಲೈನ್ ಹೇಳೋದೂ ಇದನ್ನೇ.

ಇನ್ನೊಂದು, ಈ ಒಂದು ಫಾರಂನಿಂದ 15 ಸ್ಕೋರ್ ಬರುತ್ತೆ, ಸುಸ್ತು, ನೋವು, ನಿದ್ದೆ, ಹೀಗೆ. ಒಂದೊಂದನ್ನೂ 5% ಮಟ್ಟದಲ್ಲಿ (ಅಂದ್ರೆ ಏನೂ ಇಲ್ದಿದ್ರೂ ಇದೆ ಅನ್ನೋ ತಪ್ಪಿಗೆ 100ಕ್ಕೆ 5ರಷ್ಟು ಅವಕಾಶ ಇಟ್ಟು) ಟೆಸ್ಟ್ ಮಾಡ್ತಾ ಹೋದ್ರೆ, ಅವು ಒಂದಕ್ಕೊಂದು ಸಂಬಂಧ ಇಲ್ಲ ಅಂತಿಟ್ಕೊಂಡ್ರೆ, ಔಷಧಿಯಿಂದ ಏನೂ ಆಗದಿದ್ರೂ ಒಂದಾದ್ರೂ ಸುಮ್ನೆ "ವ್ಯತ್ಯಾಸ ಇದೆ" ಅನ್ನೋ ಸಾಧ್ಯತೆ 54%. ಆಮೇಲೆ ಚೆನ್ನಾಗಿ ಬಂದಿದ್ದನ್ನ ಆರಿಸ್ಕೊಳ್ಳೋದು ರೋಗಿಗೆ ಮಾಡೋ ಮೋಸ. ಮುಖ್ಯ ಸ್ಕೋರ್ ಯಾವುದು, ಎಷ್ಟನೇ ವಾರದ್ದು, ಎಷ್ಟು ಅಂಕ ಬದಲಾದ್ರೆ ಲೆಕ್ಕಕ್ಕೆ ತಗೋಬೇಕು, ಎಲ್ಲಾ ಡೇಟಾ ನೋಡೋ ಮುಂಚೆ ಬರೆದಿರ್ಬೇಕು. 1998ರ ಒಂದು ಅಧ್ಯಯನದಲ್ಲಿ 5ರಿಂದ 10 ಅಂಕ ಬದಲಾದ್ರೆ ರೋಗಿಗಳಿಗೆ ಸ್ವಲ್ಪ ವ್ಯತ್ಯಾಸ ಅನ್ನಿಸಿತ್ತು, 20 ದಾಟಿದ್ರೆ ತುಂಬಾನೇ.

ಖಾಲಿ ಜಾಗ ಅಂದಾಜು ಮಾಡೋಕೆ ಎಷ್ಟೇ ಒಳ್ಳೆ ಲೆಕ್ಕದ ಮಾಡೆಲ್ ಹಾಕಿದ್ರೂ ಫಾರಂ ಯಾಕೆ ಖಾಲಿ ಅಂತ ಗೊತ್ತಿಲ್ದಿದ್ರೆ ಕತ್ತಲಲ್ಲಿ ತಡಕಾಡ್ದಂಗೆ, ಬಸ್ ತಪ್ಪಿ ಬರದಿದ್ದೋರೂ ವಾಂತಿಯಿಂದ ಮಲಗಿದ್ದೋರೂ ಒಂದೇ ಆಗಿಬಿಡ್ತಾರೆ. ಅವತ್ತು ಆ ನರ್ಸ್ ಹಾಳೆ ಎತ್ತಿಟ್ಕೊಳ್ಳೋ ಮುಂಚೆ ಮೂಲೇಲಿ "ವಾಂತಿ, ತುಂಬ ಸುಸ್ತು, ಉತ್ತರ ಹೇಳಲಾಗಲಿಲ್ಲ" ಅಂತ ಬರೆದು ತಾರೀಖು ಹಾಕಿದ್ರು.