ಒಂದು ಸಾಲಿನ ತೆರಿಗೆ ಎರಡು ಸಾಲಾದಾಗ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಬಿಲ್ ಮಾಡೋ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಚೆನ್ನಾಗಿಯೇ ಓಡುತ್ತಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ತೆರಿಗೆ ದರ ಒಂದೇ ಕಡೆ ಇದೆ, ಅಲ್ಲಿ 5 ಅಂತ ತಿದ್ದಿದರೆ ಆಯ್ತು ಅಂದುಕೊಂಡೆ. ಆಗಲಿಲ್ಲ. ರಾಜ್ಯದೊಳಗಿನ ಖರೀದಿಯಾದರೆ ಆ ಶೇಕಡಾ 5 ಎರಡು ಸಾಲಾಗಬೇಕು: ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಹೊರರಾಜ್ಯಕ್ಕೆ ಲೋಡ್ ಹೋದರೆ ಒಂದೇ ಸಾಲು, ಐಜಿಎಸ್‌ಟಿ. ದರವೇನೋ ಒಂದೇ ಕಡೆ ಇತ್ತು. 'ತೆರಿಗೆ ಅಂದರೆ ಒಂದು ಸಾಲು' ಅನ್ನೋ ಊಹೆ ಮಾತ್ರ ಬಿಲ್, ಲೆಡ್ಜರ್, ತಿಂಗಳ ವರದಿ ಎಲ್ಲದರಲ್ಲೂ ಬೇರು ಬಿಟ್ಟಿತ್ತು.

ಈ ತಲೆನೋವು ಹಳೆಯದು. ದೊಡ್ಡ ಸಾಫ್ಟ್‌ವೇರ್ ಕೈಮೀರುತ್ತಿದೆ ಅಂತ 1968ರಲ್ಲೇ ಜರ್ಮನಿಯ ಗಾರ್ಮಿಶ್‌ನಲ್ಲಿ ಪರಿಣತರು ಕೂತು ಚರ್ಚಿಸಿದ್ದರು. ನನಗೆ ಒಪ್ಪಿಗೆಯಾದ ಉತ್ತರ ಬಂದದ್ದು 1972ರಲ್ಲಿ, ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಅವರ ಪ್ರಬಂಧದಲ್ಲಿ. ಅವರು ಹಿಡಿದದ್ದು ಒಂದು ಪುಟ್ಟ ಪ್ರೋಗ್ರಾಂ. ಸಾಲುಗಳನ್ನು ಓದಬೇಕು, ಪ್ರತಿ ಸಾಲಿನ ಮೊದಲ ಪದವನ್ನು ಕೊನೆಗೆ ಹಾಕುತ್ತಾ ತಿರುಗಿಸಬೇಕು, ಬಂದದ್ದನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಬೇಕು. ಇದನ್ನು ಎರಡು ರೀತಿ ಒಡೆದು ತೋರಿಸಿದರು. ಒಂದು, ಆಗ ಎಲ್ಲರೂ ಮಾಡುತ್ತಿದ್ದ ಹಾಗೆ, ಕೆಲಸದ ಹಂತಕ್ಕೊಂದು ಭಾಗ: ಓದು, ತಿರುಗಿಸು, ಜೋಡಿಸು, ಮುದ್ರಿಸು. ಇನ್ನೊಂದರಲ್ಲಿ, ನಾಳೆ ಬದಲಾಗಬಹುದಾದ ಒಂದೊಂದು ತೀರ್ಮಾನಕ್ಕೂ ಒಂದೊಂದು ಭಾಗ. ಸಾಲುಗಳನ್ನು ಮೆಮೊರಿಯಲ್ಲಿ ಇಡೋ ಕ್ರಮ ಬದಲಾಯಿತು ಅನ್ನಿ. ಮೊದಲನೆಯದರಲ್ಲಿ ಎಲ್ಲಾ ಭಾಗಕ್ಕೂ ಕೈ ಹಾಕಬೇಕು. ಎರಡನೆಯದರಲ್ಲಿ ಒಂದಕ್ಕೆ ಹಾಕಿದರೆ ಸಾಕು.

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋದು ಇದೇ ಲೆಕ್ಕ. ಒಡೆದ ಹಂಚು ತೆಗೆದು ಬೇರೆ ಕೂರಿಸುತ್ತೇವೆ, ಕೆಳಗಿನ ಮರದ ಪಕಾಸಿ ಮುಟ್ಟೋದಿಲ್ಲ. ಹೊಸ ಹಂಚು ಯಾವ ಕಾರ್ಖಾನೆಯದ್ದೋ ರೀಪು ಕೇಳೋದಿಲ್ಲ, ತನಗೆ ಕಚ್ಚಿಕೊಂಡರೆ ಸರಿ. 1973ರಲ್ಲಿ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಬಂದ ಪೈಪ್, ಅಂದರೆ ಪ್ರೋಗ್ರಾಂಗಳನ್ನು ಒಂದಕ್ಕೊಂದು ಜೋಡಿಸೋ ಕೊಂಡಿ, ಕೂಡ ಹೀಗೇ ಅಲ್ವಾ? ಒಂದು ಪ್ರೋಗ್ರಾಂ ಉಗುಳಿದ ಅಕ್ಷರಗಳನ್ನು ಇನ್ನೊಂದು ತಿನ್ನುತ್ತದೆ, ಒಳಗೇನಿದೆ ಅಂತ ಕೇಳೋದಿಲ್ಲ. ಆ ಕಾಲದ ಪುಟ್ಟ ಪ್ರೋಗ್ರಾಂಗಳಾದ ಗ್ರೆಪ್ (ಬೇಕಾದ ಸಾಲು ಹುಡುಕೋದು), ಸಾರ್ಟ್ (ಸಾಲು ಜೋಡಿಸೋದು) ನಾನು ಇವತ್ತಿಗೂ ಬಳಸುತ್ತೇನೆ.

ಹಾಗಂತ ಬದಲಾದೀತು ಅಂತ ಎಲ್ಲವನ್ನೂ ಬೇರೆ ಬೇರೆ ಭಾಗದೊಳಗೆ ಬಚ್ಚಿಡೋಕೆ ಹೊರಟರೆ ಅದೂ ಕಷ್ಟ. ಅಡಿಕೆಯ ಬಗೆಗಳು ಬದಲಾದಾವು ಅಂತ ನಾನು ಅದಕ್ಕೇ ಬೇರೆ ಸೆಟ್ಟಿಂಗ್ಸ್ ಪುಟ ಮಾಡಿದ್ದೆ. ಸುಮ್ನೆ ಎರಡು ವಾರ ಹೋಯಿತು. ಆ ಮಂಡಿಯ ಬಿಲ್‌ನಲ್ಲಿ ಇವತ್ತಿಗೂ ಅದೇ ನಾಲ್ಕು: ರಾಶಿ, ಬೆಟ್ಟೆ, ಸರಕು, ಗೊರಬಲು.