ವಿಡಂಬನೆ: ‘ಫ್ರಿಟ್ಜ್ ದ ಕ್ಯಾಟ್’ ಯಾರ ಪರ?

1972ರ ಅಮೆರಿಕನ್ ಅನಿಮೇಷನ್ ಚಿತ್ರ ‘ಫ್ರಿಟ್ಜ್ ದ ಕ್ಯಾಟ್’ ಬಗ್ಗೆ ಮತ್ತೆ ಅದೇ ಮಾತು ಓದಿದೆ: ‘ಹಿಪ್ಪಿಗಳನ್ನು ಹಾಡಿ ಹೊಗಳುವ ಚಿತ್ರ’. ಎರಡು ಸಾಲು ಕೆಳಗೆ ‘ಒಳ್ಳೆಯ ವಿಡಂಬನೆ’ ಅಂತಲೂ ಇತ್ತು. ಎರಡೂ ಒಟ್ಟಿಗೆ ಹೇಗೆ ಆಗುತ್ತವೆ? ‘ವಿಡಂಬನೆ’ ಎಂಬ ಪದವನ್ನು ಈಗ ಎಲ್ಲೆಂದರಲ್ಲಿ ಬಳಸುತ್ತಿದ್ದೇವೆ. ಬೈಗುಳ ಇದ್ದರೆ ವಿಡಂಬನೆ, ಬೆತ್ತಲೆ ಮೈ ಇದ್ದರೆ ವಿಡಂಬನೆ. ವಿಪರ್ಯಾಸ ಅನ್ನಬೇಕಾದ ಕಡೆಯೂ ‘ಎಂಥ ವಿಡಂಬನೆ!’

ಸಂಸ್ಕೃತದ ‘ವಿಡಂಬನ’ಕ್ಕೆ ಅನುಕರಣೆ ಎಂಬ ಅರ್ಥವಿದೆ. ಇನ್ನೊಬ್ಬರಂತೆ ನಟಿಸುವುದು, ವೇಷ ಹಾಕುವುದು. ಗೇಲಿಯ ಅರ್ಥ ಅದಕ್ಕೆ ಅಂಟಿಕೊಂಡೇ ಇದೆ. ನಮ್ಮ ‘ಅಣಕ’ವೂ ಹಾಗೇ. ಒಬ್ಬನನ್ನು ಅಣಕಿಸಬೇಕಾದರೆ ಅವನ ನಡೆ, ನುಡಿ, ದನಿ ಎಲ್ಲ ಗೊತ್ತಿರಬೇಕು ಅಲ್ವಾ? ದೂರ ನಿಂತು ಬೈಯುವವನಿಗೆ ಅದೇನೂ ಬೇಡ. ವಿಡಂಬನೆ ತಾನು ಅಣಕಿಸುವುದರ ಹಾಗೇ ಕಾಣುವುದು ಇದರಿಂದಲೇ. ಓದುಗರು ಎಡವುವುದೂ ಇಲ್ಲೇ.

ಚಿತ್ರದ ನಿರ್ದೇಶಕ ರಾಲ್ಫ್ ಬಕ್ಷಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದವರು. ಬೀದಿಯಲ್ಲಿ, ಬಾರ್‌ಗಳಲ್ಲಿ ಜನ ಆಡುವ ಮಾತನ್ನೇ ರೆಕಾರ್ಡ್ ಮಾಡಿ ಚಿತ್ರಕ್ಕೆ ಬಳಸಿದರು. ಹಿನ್ನೆಲೆಯ ಬೀದಿಗಳನ್ನು ಫೋಟೋ ನೋಡಿ ಬರೆಸಿದರು. ಅಷ್ಟು ಹತ್ತಿರದ ಅನುಕರಣೆ. ಈಗ ಫ್ರಿಟ್ಜ್‌ನನ್ನು ನೋಡಿ. ಈ ಕಾಲೇಜು ಬೆಕ್ಕು ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಗಿಟಾರ್ ಬಾರಿಸುವುದು ಹುಡುಗಿಯರು ಬರಲಿ ಅಂತ. ಆ ಹುಡುಗಿಯರೋ, ಕರಿಯರನ್ನು ಪ್ರತಿನಿಧಿಸುವ ಕಾಗೆಯೊಂದನ್ನು ಹಿಡಿದು ಕರಿಯರ ಬಗ್ಗೆ ತಮಗೆಷ್ಟು ಗೊತ್ತು ಅಂತ ಕೊಚ್ಚಿಕೊಳ್ಳುತ್ತಾರೆ. ಮುಂದೆ ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಫ್ರಿಟ್ಜ್ ಕ್ರಾಂತಿ ಅಂತ ಕೂಗಿ ದಂಗೆ ಎಬ್ಬಿಸುತ್ತಾನೆ. ಗುಂಡು ತಗಲುವುದು ಅವನ ಜೀವ ಉಳಿಸಿದ್ದ ಡ್ಯೂಕ್ ಎಂಬ ಕಾಗೆಗೆ. ಫ್ರಿಟ್ಜ್ ಜಾಗ ಖಾಲಿ ಮಾಡುತ್ತಾನೆ. ಆಮೇಲೆ ಸಿಗುವ ‘ಕ್ರಾಂತಿಕಾರಿ’ ಮೊಲ ತನ್ನ ಗೆಳತಿಯನ್ನೇ ಸರಪಳಿಯಿಂದ ಹೊಡೆಯುತ್ತದೆ. ಇದನ್ನು ಹೊಗಳಿಕೆ ಅನ್ನುವುದು ಹೇಗೆ?

ಹಾಗಂತ ಇದು ಸಂಪ್ರದಾಯಸ್ಥರ ಚಿತ್ರವೂ ಅಲ್ಲ. ಇಲ್ಲಿ ಪೊಲೀಸರು ಹಂದಿಗಳು. ಪ್ರತಿಸಂಸ್ಕೃತಿ (ಕೌಂಟರ್‌ಕಲ್ಚರ್), ಅಂದರೆ ವ್ಯವಸ್ಥೆಗೆ ಸಡ್ಡು ಹೊಡೆದ ಹಿಪ್ಪಿಗಳಂಥ ಯುವಜನರ ಅಲೆ, ಎತ್ತಿದ ಯುದ್ಧ, ವರ್ಣಭೇದದ ಪ್ರಶ್ನೆಗಳನ್ನು ಬಕ್ಷಿ ತಳ್ಳಿಹಾಕುವುದಿಲ್ಲ. ಆ ಪ್ರಶ್ನೆಗಳನ್ನು ಷೋಕಿಗೆ ಹೊತ್ತು ತಿರುಗುವವರನ್ನು ಹಿಡಿಯುತ್ತಾರೆ. ನನಗೆ ಚಿತ್ರದ ಹೆಣ್ಣುಪಾತ್ರಗಳ ಬಗ್ಗೆ ತಕರಾರಿದೆ. ಅಲ್ಲಿ ಅಣಕ ತಪ್ಪಿ ಬರೀ ಒರಟುತನ ಉಳಿಯುತ್ತದೆ. ಮೂಲ ಕಾಮಿಕ್ ಬರೆದ ರಾಬರ್ಟ್ ಕ್ರಂಬ್‌ಗೂ ಚಿತ್ರ ಹಿಡಿಸಲಿಲ್ಲ. ಅವರು ತಮ್ಮ ಕಾಮಿಕ್‌ನಲ್ಲಿ ಫ್ರಿಟ್ಜ್‌ನನ್ನು ಸಾಯಿಸಿಯೇ ಬಿಟ್ಟರು.

ಇನ್ನು ಇದು ‘ಅಡಲ್ಟ್’ ಚಿತ್ರ ಅನ್ನುವ ಮಾತು. ಅಮೆರಿಕದಲ್ಲಿ ಎಕ್ಸ್ ರೇಟಿಂಗ್, ಅಂದರೆ ವಯಸ್ಕರಿಗೆ ಮಾತ್ರ ಎಂಬ ಮುದ್ರೆ, ಪಡೆದ ಮೊದಲ ಅನಿಮೇಷನ್ ಚಿತ್ರ ಇದು. ರೇಟಿಂಗ್ ಹೇಳುವುದು ಯಾರು ನೋಡಬಹುದು ಅನ್ನುವುದನ್ನಷ್ಟೇ. ವಿಡಂಬನೆ ಹೌದೋ ಅಲ್ಲವೋ ಅನ್ನುವುದಕ್ಕೆ ಚಿತ್ರವನ್ನೇ ನೋಡಬೇಕು.